ಖಾಲಿ ಬಿಟ್ಟ ಚೌಕ

ಪೋಲೆಂಡ್ ಭೂಪಟದಲ್ಲಿ ಎಲ್ಲಿದೆ ಎಂದು ನನಗೆ ಮೊದಲು ಸರಿಯಾಗಿ ಗೊತ್ತಿರಲಿಲ್ಲ. ಆದರೆ ಅಲ್ಲಿಂದ ಇಂಗ್ಲೆಂಡಿಗೆ ವಲಸೆ ಬಂದ ಒಂದು ಕುಟುಂಬದ ತಲೆಮಾರುಗಳನ್ನು ಈಗಲೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ಯಾರು ಯಾರ ಮಗಳು, ಯಾರು ಯುದ್ಧದಲ್ಲಿ ಕಾಣೆಯಾದರು, ಯಾರು ಹಡಗಿನಲ್ಲೇ ಹೆತ್ತರು, ಎಲ್ಲ ಕಂಠಪಾಠ. ಆ ಮನೆಯವರಿಗೆ ನಾನು ಮಾಡಿದ ಉಪಕಾರಕ್ಕೆ ಸಿಕ್ಕ ಪ್ರತಿಫಲ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಆಫೀಸಿನಲ್ಲಿ ಸೆಕ್ರೆಟರಿ. ಅದೇ ಬೀದಿಯ ಹಿಂದೆ ಇನ್ನೂ ಮೂವರು ಹುಡುಗಿಯರ ಜೊತೆ ಬೆಡ್‌ಸ್ಪೇಸ್‌ನಲ್ಲಿ, ಎಂದರೆ ಒಂದು ಕೋಣೆಯ ಒಂದು ಮಂಚದಷ್ಟೇ ಬಾಡಿಗೆಗೆ, ವಾಸ. ನಮ್ಮ ಮ್ಯಾನೇಜರರ ಹೆಂಡತಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಮೂಲ ಪೋಲೆಂಡ್. ತಮ್ಮ ವಂಶವೃಕ್ಷ ಬರೆಯುವ ಹುಚ್ಚು ಅವರಿಗೆ. ಕಾಗದಪತ್ರ ಟೈಪ್ ಮಾಡಿಕೊಡಲು ಶುಕ್ರವಾರದ ರಜೆಗಳಲ್ಲಿ ನನ್ನನ್ನು ಖಲೀಫಾ ಸಿಟಿಯ ವಿಲ್ಲಾಕ್ಕೆ ಕರೆದರು. ಹೆಸರು ಹಿಡಿದೇ ಕರೆ ಎಂದು ಎಷ್ಟು ಹೇಳಿದರೂ ನನಗೆ ನಾಲಿಗೆ ಏಳಲಿಲ್ಲ. ಕೊನೆಯವರೆಗೂ ಅವರು ನನಗೆ ಮೇಡಂ.

ಮೊದಲ ಶುಕ್ರವಾರವೇ ಎಡವಟ್ಟಾಯಿತು. ಅವರು ಹೇಳಿದ ಹೆಸರುಗಳನ್ನೆಲ್ಲ ಕೇಳಿಕೊಂಡು ಚಾರ್ಟ್ ಪೇಪರಿನ ಮೇಲೆ ಚೌಕ ಚೌಕ ಹಾಕಿ ಮರ ಬರೆದೆ. ತುದಿಯಲ್ಲಿ ಒಬ್ಬ ಮುದುಕಿ, ಕೆಳಗೆ ಅವಳ ಹೆಣ್ಣುಮಕ್ಕಳು, ಅವರ ಕೆಳಗೆ ಅವರ ಹೆಣ್ಣುಮಕ್ಕಳು. ಗಂಡಂದಿರೆಲ್ಲ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಮದುವೆಮನೆಯಲ್ಲಿ ಗೋಡೆಗೆ ಒರಗಿ ನಿಂತ ನೆಂಟರ ಹಾಗೆ.

"ಇದೇನು, ನನ್ನ ಅಜ್ಜ ಎಲ್ಲಿ?" ಎಂದು ಮೇಡಂ ನಕ್ಕರು.

ನಾನು ತುಳುನಾಡಿನವಳು. ನಮ್ಮಲ್ಲಿ ವಂಶ ಎಣಿಸುವುದೇ ತಾಯಿಯಿಂದ. ಬಳಿ ಅಂತ ಒಂದಿದೆ, ನಿಮ್ಮಲ್ಲಿ ಗೋತ್ರ ಇದ್ದ ಹಾಗೆ. ಅದು ಅಮ್ಮನಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬಳಿಯವರೆಂದರೆ ಅಣ್ಣತಂಗಿ ಲೆಕ್ಕ, ಮದುವೆಯ ಮಾತೇ ಇಲ್ಲ. ಮರ ಬರೆ ಎಂದರೆ ನನ್ನ ಕೈ ತಾನಾಗಿ ಅಮ್ಮಂದಿರ ಕಡೆ ಹೋಗಿತ್ತು. ಇದನ್ನು ಹೇಳಿದಾಗ ಮೇಡಂ ನಗು ನಿಲ್ಲಿಸಿದರು. ಅವರ ಕಡೆಯ ಗಂಡಸರಲ್ಲಿ ಅರ್ಧ ಜನ ಯುದ್ಧದಲ್ಲಿ ಕಳೆದುಹೋಗಿದ್ದರು, ಉಳಿದವರು ಇಂಗ್ಲೆಂಡಿಗೆ ಬಂದ ಮೇಲೆ ಹೆಸರನ್ನೇ ಮೊಟಕು ಮಾಡಿಕೊಂಡಿದ್ದರು. ಅವರ ಬೆನ್ನು ಹಿಡಿದು ಮೇಡಂ ವರ್ಷಗಟ್ಟಲೆ ಎಲ್ಲಿಗೂ ಮುಟ್ಟಿರಲಿಲ್ಲ. ತಾಯಂದಿರ ದಾರಿ ಹಿಡಿದ ಮೇಲೆ ಮರ ಸರಸರ ಮೇಲೇರಿತು. ಪೋಲೆಂಡಿನ ಹಳ್ಳಿಗಳ ಚರ್ಚುಗಳಿಗೆ ಪತ್ರ ಟೈಪ್ ಮಾಡಿದೆ, ಉತ್ತರ ಬಂದಾಗ ಇಬ್ಬರೂ ಕುಣಿದೆವು. ಅವರು ಆಲೂಗಡ್ಡೆ ತುಂಬಿದ ಕಡುಬಿನಂಥದ್ದು ಮಾಡಿಕೊಡುತ್ತಿದ್ದರು, ನಾನು ಗೋಳಿಬಜೆ ಒಯ್ಯುತ್ತಿದ್ದೆ. ಪರದೇಶದಲ್ಲಿ ಒಬ್ಬ ಅಕ್ಕ ಸಿಕ್ಕಿದಳು ಎಂದೇ ನಂಬಿದ್ದೆ.

ಆ ಚಳಿಗಾಲದಲ್ಲಿ ಮೇಡಂನ ಅಮ್ಮ ಇಂಗ್ಲೆಂಡಿನಿಂದ ಬಂದರು. ಒಂದು ದಿನ ಮಗಳು ಅಂಗಡಿಗೆ ಹೋಗಿದ್ದಾಗ ಅಡುಗೆಮನೆಯಲ್ಲಿ ನಾವಿಬ್ಬರೇ ಆಲೂಗಡ್ಡೆ ಸುಲಿಯುತ್ತಿದ್ದೆವು. ತಮ್ಮ ತಂದೆಯ ಚೌಕದಲ್ಲಿ, ತಮ್ಮ ತಾಯಿಯ ಗಂಡನಾಗಿದ್ದ ಸೈನಿಕನ ಹೆಸರು ಬರೆಯಬೇಡ ಎಂದು ಅವರು ಹೇಳಿದರು. ಕಾಗದದಲ್ಲಿರುವುದು ಅವನ ಹೆಸರು, ತಂದೆ ಅವನಲ್ಲ. ನಿಜವಾದ ತಂದೆ ತಾವು ಹುಟ್ಟಿದ ಹಳ್ಳಿಯ ಒಬ್ಬ ಚಮ್ಮಾರ. ಅವನ ಹೆಸರನ್ನು ನನಗೆ ಹೇಳಿ, ನನ್ನ ಬಾಯಲ್ಲಿ ತಿರುಗಿ ಹೇಳಿಸಿದರು.

"ನಾನಿರುವವರೆಗೆ ಮಗಳಿಗೆ ಬೇಡ. ನಾನು ಹೋದ ಮೇಲೆ ಅವಳೇ ಕೇಳಿದರೆ ಕೊಡು."

ಆಗಲಿ ಎಂದು ಮಾತು ಕೊಟ್ಟೆ. ನಿಮ್ಮ ಅಮ್ಮ ಆ ಚೌಕ ಖಾಲಿ ಬಿಡಲು ಹೇಳಿದ್ದಾರೆ, ಕಾರಣ ಈಗ ಕೇಳಬೇಡಿ ಎಂದಷ್ಟೇ ಮೇಡಂಗೆ ತಿಳಿಸಿದೆ. ಅವರು ಏನೂ ಕೆದಕಲಿಲ್ಲ. ಅದನ್ನು ನೋಡಿ ಅವರ ಮೇಲಿನ ಗೌರವ ದುಪ್ಪಟ್ಟಾಯಿತು. ಅದೇ ಭರದಲ್ಲಿ ನಮ್ಮ ಮನೆಯದನ್ನೂ ಹೇಳಿಬಿಟ್ಟೆ.

ನನ್ನ ಮುತ್ತಜ್ಜಿಗೆ ಹುಟ್ಟಿದ್ದೆಲ್ಲ ಗಂಡು. ನಮ್ಮಲ್ಲಿ ಹೆಣ್ಣಿಲ್ಲದ ಮನೆ ಎಂದರೆ ವಂಶ ಮುಗಿದ ಹಾಗೆ. ಅವರು ಕೆಲವು ತಿಂಗಳು ದೂರದ ಊರಿಗೆ ಹೋಗಿ, ಬರುವಾಗ ಒಂದು ಹೆಣ್ಣುಕೂಸನ್ನು ಎತ್ತಿಕೊಂಡು ಬಂದು ತಾವೇ ಹೆತ್ತದ್ದು ಎಂದರು. ಆ ಕೂಸೇ ನನ್ನ ಅಜ್ಜಿ. ಯಾರ ಮಗು, ಯಾವ ಬಳಿ, ಯಾರಿಗೂ ಗೊತ್ತಿಲ್ಲ. ಅಜ್ಜಿ ಸಾಯುವಾಗ ಅಮ್ಮನಿಗೆ ಹೇಳಿದರು, ನಾನು ಗಲ್ಫಿಗೆ ಹೊರಡುವಾಗ ಅಮ್ಮ ನನಗೆ ಹೇಳಿದರು.

ಮೇಡಂ ನನ್ನ ಕೈ ಹಿಡಿದುಕೊಂಡರು. "ಇದು ನನ್ನ ಹತ್ತಿರವೇ ಇರುತ್ತದೆ," ಎಂದರು.

ಮರುವರ್ಷ ನನಗೊಂದು ಸಂಬಂಧ ಬಂತು. ಹುಡುಗ ದುಬೈಯಲ್ಲಿ ಅಕೌಂಟೆಂಟ್, ನಮ್ಮ ಕಡೆಯವನೇ. ಅವನ ತಾಯಿಯ ಅಕ್ಕ ಅಬುಧಾಬಿಯಲ್ಲಿದ್ದರು, ಆ ಮನೆಯಲ್ಲಿ ಅವರ ಮಾತೇ ಕೊನೆ. ಬಳಿ ವಿಚಾರಿಸಿದರು, ಬೇರೆ ಬೇರೆ ಎಂದು ಸಮಾಧಾನವಾಯಿತು. ಹುಡುಗ ನನಗೆ ಇಷ್ಟವಾಗಿದ್ದ. ಸುಳ್ಳೇಕೆ, ತುಂಬ ಇಷ್ಟವಾಗಿದ್ದ.

ಅದೇ ಹೊತ್ತಿಗೆ ಮೇಡಂ ತಮ್ಮ ವಂಶವೃಕ್ಷವನ್ನು ಒಂದು ಮಹಿಳಾ ಕೂಟದಲ್ಲಿ ಎಲ್ಲರಿಗೂ ತೋರಿಸುವುದೆಂದಾಯಿತು. ನನಗೆ ಜಂಬ. ನಾನು ಬರೆದ ಮರವನ್ನು ನೋಡಲಿ ಎಂದು ಹುಡುಗನ ದೊಡ್ಡಮ್ಮನನ್ನು ನಾನೇ ಟ್ಯಾಕ್ಸಿ ಮಾಡಿ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ದೊಡ್ಡಮ್ಮನಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು.

ಪರದೆಯ ಮೇಲೆ ಮರ ಬಂತು. ಆ ಒಂದು ಚೌಕ ಖಾಲಿಯೇ ಇತ್ತು. ಮೇಡಂ ಅದರ ಬಗ್ಗೆ ತುಟಿ ಪಿಟಕ್ಕೆನ್ನದೆ ಮುಂದೆ ಹೋದರು. ಆಮೇಲೆ ನನ್ನನ್ನು ಎದ್ದು ನಿಲ್ಲಿಸಿದರು. ತಾಯಂದಿರ ದಾರಿ ತೋರಿಸಿದವಳು ಇವಳು, ಇವಳ ಮನೆಯಲ್ಲಿ ತಾಯಿ ಎಂಬುದಕ್ಕೆ ಎಷ್ಟು ಬೆಲೆಯೆಂದರೆ, ವಂಶ ಉಳಿಸಲು ಇವಳ ಮುತ್ತಜ್ಜಿ ಯಾರದೋ ಕೂಸನ್ನು ತಂದು ಹೆತ್ತದ್ದೆಂದು ಹೇಳಿದಳು ಎಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನು ನಿಂತೇ ಇದ್ದೆ. ದೊಡ್ಡಮ್ಮನ ಕೈಗಳು ಮಡಿಲಲ್ಲಿದ್ದವು.

ಟ್ಯಾಕ್ಸಿಯಲ್ಲಿ ಅವರು ಬೈಯಲಿಲ್ಲ. "ನಿನ್ನ ಅಜ್ಜಿ ಹುಟ್ಟಿದ ಬಳಿ ಯಾವುದು ಮಗಾ?" ಎಂದರು.

"ಗೊತ್ತಿಲ್ಲ. ಸಾಕಿಕೊಂಡ ಮೇಲೆ ಸಾಕಿದವರ ಬಳಿಯೇ ಅಲ್ವಾ ದೊಡ್ಡಮ್ಮ?"

"ಅದು ನಾಲ್ಕು ಜನರ ಎದುರು ಮಾಡಿದ್ರೆ ಸರಿ. ಇದು ಅಡಗಿಸಿ ಇಟ್ಟದ್ದಲ್ವಾ? ನಾಳೆ ನಮ್ಮದೇ ಬಳಿ ಅಂತ ಗೊತ್ತಾದ್ರೆ ಎಂತ ಮಾಡುದು ಮಾರಾಯ್ತಿ? ಅಣ್ಣತಂಗಿಗೆ ಮದುವೆ ಮಾಡಿದ ಹಾಗೆ ಆಗುದಿಲ್ವಾ?"

ಖಲಾಸ್. ಮಾತುಕತೆ ಅಲ್ಲಿಗೇ ನಿಂತಿತು. ಹುಡುಗ ಒಂದು ಫೋನೂ ಮಾಡಲಿಲ್ಲ. ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಅಮ್ಮ ಫೋನಿನಲ್ಲಿ, "ಮದುವೆ ಹೋದ್ರೆ ಹೋಗಲಿ. ನನ್ನ ಅಮ್ಮನನ್ನು ಸಭೆಗೆ ತಂದು ಚಪ್ಪಾಳೆ ಹೊಡಿಸಿದ್ದು ಯಾರು?" ಎಂದು ಅತ್ತರು. ಆಮೇಲೆ ಅವರು ಕುಟುಂಬದ ಮನೆಯ ದೈವದ ಕೋಲಕ್ಕೆ ಹೋಗುವುದನ್ನೇ ಬಿಟ್ಟರು. ಅಲ್ಲಿ ಯಾವ ಹಕ್ಕಿನಲ್ಲಿ ನಿಂತಿದ್ದಿ ಎಂದು ಯಾರಾದರೂ ಕೇಳಿಯಾರೆಂಬ ಭಯ.

ಮೇಡಂ ಎದುರು ನಿಂತು ಕೇಳಿದೆ. ಯಾಕೆ ಹೀಗೆ ಮಾಡಿದಿರಿ ಎಂದೆ.

ಅವರಿಗೆ ನಿಜಕ್ಕೂ ಆಶ್ಚರ್ಯ. "ಎಷ್ಟು ಚಂದದ ಕಥೆ! ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ?"

"ಹಾಗಾದರೆ ನಿಮ್ಮ ಮರದ ಆ ಚೌಕ ಯಾಕೆ ಖಾಲಿ ಬಿಟ್ಟಿರಿ?"

"ಅದು ಬೇರೆ," ಎಂದರು. "ನನ್ನ ಅಮ್ಮ ಇನ್ನೂ ಬದುಕಿದ್ದಾರೆ."

ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಅಷ್ಟು ಸಿಟ್ಟು, ಅದಕ್ಕಿಂತ ಹೆಚ್ಚು ಅಳು. ಚೀಲ ಎತ್ತಿಕೊಂಡು ಹೊರಬಂದೆ. ವೀಸಾ ಬದಲಿಸಿಕೊಂಡು ದುಬೈಯಲ್ಲಿ ಬೇರೆ ಕೆಲಸ ಹಿಡಿದೆ. ಮುಂದೆ ನನಗೆ ಮದುವೆಯೂ ಆಯಿತು, ಎಲ್ಲವನ್ನೂ ಮೊದಲೇ ಕೇಳಿ ತಿಳಿದು ಒಪ್ಪಿದವರ ಜೊತೆ. ಆದರೂ ಅಮ್ಮ ಕೋಲಕ್ಕೆ ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ಮೇಡಂ ಇಂಗ್ಲೆಂಡಿನಿಂದ ಇಮೇಲ್ ಬರೆದರು. ಅಮ್ಮ ತೀರಿಕೊಂಡರು, ಕೊನೆಯ ದಿನಗಳಲ್ಲಿ ಆ ಚೌಕದ ಹೆಸರು ನಿನಗೆ ಮಾತ್ರ ಗೊತ್ತು ಎಂದರು, ದಯವಿಟ್ಟು ತಿಳಿಸು ಎಂದಿತ್ತು. ನಡೆದದ್ದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಹೊಟ್ಟೆಯುರಿಗೆ ಎಷ್ಟೋ ದಿನ ಅದನ್ನು ಹಾಗೇ ಬಿಟ್ಟೆ. ಹುಡುಕಿಕೊಳ್ಳಲಿ, ಪೋಲೆಂಡಿನ ಚರ್ಚುಗಳಿಗೆಲ್ಲ ಪತ್ರ ಬರೆಯಲಿ ಎಂದುಕೊಂಡೆ. ಆದರೆ ಮಾತು ಕೊಟ್ಟಿದ್ದು ಮೇಡಂಗೆ ಅಲ್ಲ, ಆಲೂಗಡ್ಡೆ ಸುಲಿಯುತ್ತ ಕೂತಿದ್ದ ಆ ಮುದುಕಿಗೆ.

ಚಮ್ಮಾರನ ಹೆಸರು ಬರೆದೆ. ಊರಿನ ಹೆಸರೂ ಬರೆದೆ. ಅದರ ಕೆಳಗೆ, ಅವತ್ತು ಬಾಯಿಗೆ ಬಾರದೆ ಹೋದದ್ದನ್ನು ಬರೆದೆ: "ನನ್ನ ಅಮ್ಮನೂ ಆಗ ಬದುಕಿದ್ದರು ಮೇಡಂ. ಈಗಲೂ ಇದ್ದಾರೆ."