ಪೆನ್ನಿನಲ್ಲಿ ಗುರುತು ಹಾಕಿದ ಅಕ್ಕ

ಕಿಡ್ನಿ ಕಸಿಯಾದ ಮೇಲೆ ನಾನು ಸೊಪ್ಪನ್ನು ರಬ್ಬರ್ ಗ್ಲೌಸ್ ಹಾಕಿಕೊಂಡೇ ತೊಳೆಯುತ್ತೇನೆ. ಮೊನ್ನೆ ಸಂತೆಯಿಂದ ತಂದ ಕೊತ್ತಂಬರಿ ಕಟ್ಟು ಬಿಚ್ಚಿ ಬೇರು ಕೊಡವಿದೆ. ಸಿಂಕಿನ ತುಂಬ ಕೆಂಪು ಮಣ್ಣು, ಜೊತೆಗೆ ಆ ಹಸಿ ವಾಸನೆ... ಅರ್ಧ ಸೊಪ್ಪಿನದ್ದು, ಅರ್ಧ ಒದ್ದೆ ಗೊಬ್ಬರದ್ದು. ನಲ್ಲಿ ತಿರುಗಿಸುವುದನ್ನು ಮರೆತು ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯ ಅಕ್ಕನ ಸೆರಗಿಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಮಧುರೆ ಹೋಬಳಿಯ ನಮ್ಮೂರಿನಲ್ಲಿ ಅಕ್ಕ ಮತ್ತು ಅವಳ ಗಂಡ ಅರ್ಧ ಎಕರೆಯಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಕೊತ್ತಂಬರಿ, ದಂಟು, ಪಾಲಕ್, ಸಬ್ಬಸಿಗೆ. ರಕ್ತಸಂಬಂಧವೇನೂ ಇಲ್ಲ. ಎರಡು ಮನೆಗೂ ಬೇಲಿ ಒಂದೇ, ಹಾಗಾಗಿ ಅವಳು ಅಕ್ಕ, ಅವರು ಭಾವ. ಅಂಗನವಾಡಿಯ ಕೆಲಸ ಮುಗಿಸಿ ಬಂದು ನಾನೂ ಸೊಪ್ಪಿನ ಮಡಿಯಲ್ಲಿ ನಿಂತು ಕಿತ್ತು ಕಟ್ಟು ಕಟ್ಟುತ್ತಿದ್ದೆ. ಅಲ್ಲಿ ಒಂದೇ ಒಂದು ಕಟ್ಟಳೆ ಇತ್ತು: ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟೇ ಒಳಗೆ ಕಾಲಿಡಬೇಕು. ಅನ್ನ ಕೊಡುವ ಮಣ್ಣನ್ನು ಚಪ್ಪಲಿಯಲ್ಲಿ ತುಳಿದವರಿಗೆ ಅಕ್ಕ ಮಾಡುತ್ತಿದ್ದ ಮಂಗಳಾರತಿ ಊರಿಗೆಲ್ಲ ಗೊತ್ತಿತ್ತು. ಒಮ್ಮೆ ಬೆಳೆ ನೋಡಲು ಬಂದ ಅಧಿಕಾರಿಯೊಬ್ಬರು ಬೂಟು, ಸಾಕ್ಸು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಮಡಿ ಸುತ್ತಿ ಹೋಗಿದ್ದರು.

ನಮ್ಮಿಬ್ಬರಿಗೂ ಕಿಡ್ನಿ ಕೈಕೊಟ್ಟಿದ್ದು ಒಂದು ವರ್ಷದ ಅಂತರದಲ್ಲಿ. ವಾರಕ್ಕೆ ಎರಡು ಸಲ ಒಂದೇ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಿದ್ದೆವು. ದಿನಕ್ಕೆ ಇಷ್ಟೇ ನೀರು ಕುಡಿಯಬೇಕು ಎಂದು ನರ್ಸ್ ಹೇಳಿದಾಗಲೆಲ್ಲ ಅಕ್ಕ ಜಗಳ ತೆಗೆಯುತ್ತಿದ್ದಳು. ಮಡಿಗೆಲ್ಲ ನೀರು ಹಾಯಿಸುವ ತನಗೆ ಅರ್ಧ ಚೊಂಬು ನೀರೇ ಎಂದು ಅವಳ ತಕರಾರು. ನಾನು ಸುಮ್ಮನೆ ಅಳುವವಳು, ಅವಳು ಜಗಳ ಆಡುವವಳು. ಅವಳ ಜೊತೆ ಇದ್ದೂ ಇದ್ದೂ ನನಗೂ ಅಳು ಕಡಿಮೆಯಾಯಿತು.

ಭಾವ ತಮ್ಮದೊಂದು ಕಿಡ್ನಿ ಕೊಡುತ್ತೇನೆ ಎಂದಾಗ ಅವರ ಮನೆಯಲ್ಲಿ ದೊಡ್ಡ ರಂಪವಾಯಿತು. ದುಡಿಯುವ ಗಂಡಸು ಹೆಂಡತಿಗಾಗಿ ಹೊಟ್ಟೆ ಕುಯ್ಯಿಸಿಕೊಳ್ಳುವುದೇ ಎಂದು ಅಕ್ಕನ ಅತ್ತೆ ಊಟ ಬಿಟ್ಟರು. ಎರಡು ಕಿಡ್ನಿ ಇದ್ದಾಗ ನಿಮ್ಮ ಮಗ ಎಷ್ಟು ದುಡಿದಿದ್ದಾರೆ ಅಂತ ನನಗೆ ಗೊತ್ತಿಲ್ಲವೇ ಎಂದು ಅಕ್ಕ ಕೇಳಿದಳಂತೆ. ಭಾವನೇ ನಕ್ಕುಬಿಟ್ಟರಂತೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಅಕ್ಕ ಮನೆಗೆ ಬಂದವಳೇ ಮೊದಲು ಮಾಡಿದ ಕೆಲಸ, ಒಂದು ಚೊಂಬು ತುಂಬ ನೀರನ್ನು ಎಲ್ಲರೆದುರು ಗಟಗಟ ಕುಡಿದಿದ್ದು.

ಆಸ್ಪತ್ರೆಯವರು ಕೊಟ್ಟ ಪಟ್ಟಿಯನ್ನು ಅವಳು ದೇವರ ಫೋಟೋದ ಪಕ್ಕದಲ್ಲೇ ಅಂಟಿಸಿದ್ದಳು. ಕುದಿಸಿದ ನೀರು, ಮಾಸ್ಕ್, ಬಿಸಿ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ. ಗಂಡನ ಕಿಡ್ನಿ ತನ್ನ ಮೈಯಲ್ಲಿದೆ, ಅದನ್ನು ಉಳಿಸಿಕೊಳ್ಳಲೇಬೇಕು ಎಂದು ಒಂದನ್ನೂ ತಪ್ಪಿಸಲಿಲ್ಲ. ನಾಲ್ಕು ತಿಂಗಳಾದ ಮೇಲೆ ಹಗುರ ಕೆಲಸ ಮಾಡಬಹುದು ಎಂದರು. ಅಕ್ಕ ಮಾಸ್ಕ್ ಹಾಕಿಕೊಂಡು ಮಡಿಗೆ ಬಂದಳು. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟಳು. ಆ ಪಟ್ಟಿಯಲ್ಲಿ ಕಾಲಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ನಾನೂ ನೋಡಿದೆ, ನನಗೂ ಏನೂ ಅನ್ನಿಸಲಿಲ್ಲ. ನನ್ನ ಚಪ್ಪಲಿಯೂ ಅಲ್ಲೇ ಇತ್ತಲ್ಲ...

ಸ್ವಲ್ಪ ದಿನಕ್ಕೆ ಕೆಮ್ಮು ಶುರುವಾಯಿತು, ಆಮೇಲೆ ಉಬ್ಬಸ. ಹತ್ತಿರದ ಕ್ಲಿನಿಕ್ಕಿನಲ್ಲಿ ಆಸ್ತಮಾ ಎಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ಎರಡು ದಿನ ಹಾಯೆನಿಸಿ ಮತ್ತೆ ಹೆಚ್ಚಾಯಿತು. ಆಸ್ಪತ್ರೆಗೆ ಸೇರಿಸಿದಾಗ ಟಿಬಿ ಇರಬಹುದು ಎಂದರು, ಕಿಡ್ನಿಯನ್ನು ಮೈ ತಿರಸ್ಕರಿಸುತ್ತಿರಬಹುದು ಎಂದರು. ಕಿಡ್ನಿ ಉಳಿಸಲೆಂದು ಸ್ಟೆರಾಯ್ಡ್ ಇನ್ನೂ ಜಾಸ್ತಿ ಮಾಡಿದರು. ಅಕ್ಕ ಇನ್ನೂ ಸೊರಗಿದಳು. ತನ್ನ ಮೈಮೇಲೆ ಏನೋ ಹರಿದಾಡುತ್ತಿದೆ ಎಂದು ಅವಳು ಹೇಳುತ್ತಲೇ ಇದ್ದಳು. ಮಾತ್ರೆಯ ಅಲರ್ಜಿ ಎಂದು ಮುಲಾಮು ಕೊಟ್ಟರು.

ನೋಡಲು ಹೋದ ದಿನ ಅವಳು ಸೀರೆ ಸರಿಸಿ ನನಗೆ ಸೊಂಟ ತೋರಿಸಿದಳು. ದಾರದಂಥ ಒಂದು ಕೆಂಪು ಗೆರೆ. ಅದರ ಪಕ್ಕ ಬಾಲ್‌ಪೆನ್ನಿನಲ್ಲಿ ಗುರುತುಗಳು. ಬೆಳಿಗ್ಗೆ ಗೆರೆ ಎಲ್ಲಿಗೆ ಬಂದಿತ್ತೋ ಅಲ್ಲಿ ಒಂದು ಚುಕ್ಕೆ, ಮಧ್ಯಾಹ್ನ ಎಲ್ಲಿತ್ತೋ ಅಲ್ಲಿ ಇನ್ನೊಂದು. ಕಾಲುವೆಯಲ್ಲಿ ನೀರು ಎಲ್ಲಿಯವರೆಗೆ ಬಂತು ಎಂದು ಕಡ್ಡಿ ನೆಟ್ಟು ನೋಡುತ್ತೇವಲ್ಲ, ಹಾಗೆ. ನಡುವೆ ನಾಲ್ಕು ಬೆರಳಿನಷ್ಟು ಅಂತರ. ರೌಂಡ್ಸಿಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮನ ಕೈ ಹಿಡಿದು ಅಕ್ಕ ಅದನ್ನೇ ತೋರಿಸಿದಳು.

"ಅಲರ್ಜಿ ನಡೆಯುತ್ತಾ ಡಾಕ್ಟ್ರೇ? ಇದು ನಡೀತಾ ಇದೆ, ನೋಡಿ."

ಆ ಡಾಕ್ಟರಮ್ಮ ಬಗ್ಗಿ ನೋಡಿದರು. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ಕೂತು, ನೀವು ಏನು ಕೆಲಸ ಮಾಡುವುದು ಎಂದು ಕೇಳಿದರು. ಕಿಡ್ನಿ ಹಾಳಾದಾಗಿನಿಂದ ಅಷ್ಟು ಜನ ಡಾಕ್ಟರುಗಳಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅವತ್ತೇ ಕಫ ಪರೀಕ್ಷೆಗೆ ಹೋಯಿತು. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಿನ ಮರಿಗಳು.

ಡಾಕ್ಟರಮ್ಮ ನಮಗೆ ಬಿಡಿಸಿ ಹೇಳಿದರು. ಈ ಹುಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ತೂರಿಕೊಂಡು ಮೈಯೊಳಗೆ ಬರುತ್ತದೆ. ಕರುಳಿನಲ್ಲಿ ಎಷ್ಟೋ ವರ್ಷ ಸದ್ದಿಲ್ಲದೆ ಇರುತ್ತದೆ. ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವಷ್ಟು ದಿನ ಅದು ತಲೆ ಎತ್ತುವುದಿಲ್ಲ. ಹೊಸ ಕಿಡ್ನಿ ಒಗ್ಗಲೆಂದು ಕೊಡುವ ಮಾತ್ರೆಗಳು, ಅದರಲ್ಲೂ ಸ್ಟೆರಾಯ್ಡ್, ಆ ಶಕ್ತಿಯನ್ನು ತಗ್ಗಿಸಿದಾಗ ಲೆಕ್ಕವಿಲ್ಲದಷ್ಟು ಹೆಚ್ಚಿ ಶ್ವಾಸಕೋಶಕ್ಕೆ ನುಗ್ಗುತ್ತದೆ. ಸೊಂಟದ ಮೇಲಿನ ಗೆರೆ ಅದರ ಮರಿ ಚರ್ಮದಡಿ ಹರಿದ ದಾರಿ. ಮೊದಲೇ ಗೊತ್ತಾಗಿದ್ದರೆ ಆಪರೇಶನ್‌ಗೆ ಮುಂಚೆಯೇ ಎರಡು ದಿನ ಮಾತ್ರೆ ನುಂಗಿಸಿ ಮುಗಿಸಬಹುದಿತ್ತು. ಎರಡು ದಿನ... ಆ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹುಳುವಿಗೆ ಔಷಧಿ ಶುರುವಾಯಿತು, ಸ್ಟೆರಾಯ್ಡ್ ಇಳಿಸಿದರು. ಆದರೆ ಅಷ್ಟರಲ್ಲಿ ನಂಜು ರಕ್ತಕ್ಕೂ ಏರಿತ್ತು. ಭಾವ ಹಾಸಿಗೆಯ ಪಕ್ಕ ನಿಂತು, ಅನ್ನ ಕೊಡುತ್ತಿದ್ದ ಮಣ್ಣೇ ಹೀಗೆ ಮಾಡಿತಲ್ಲ ಎಂದು ಅತ್ತರು. ಅಕ್ಕ ಆಕ್ಸಿಜನ್ ಮಾಸ್ಕ್ ಸರಿಸಿ ಅವರನ್ನು ಗದರಿದಳು.

"ಮಣ್ಣನ್ನ ಬೈಬೇಡಿ. ಮಣ್ಣು ಏನ್ ಮಾಡ್ತು? ಬಾಯಿರೋ ಮನುಷ್ಯರು ಒಂದು ಮಾತು ಕೇಳ್ಲಿಲ್ಲ."

ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ನನ್ನನ್ನು ತೋರಿಸಿದಳು. ಇವಳಿಗೂ ಅಮ್ಮನ ಕಿಡ್ನಿ ಹಾಕುತ್ತಾರಂತೆ, ಇವಳೂ ನನ್ನ ಜೊತೆ ಮಡಿಯಲ್ಲಿ ನಿಂತವಳೇ, ಇವಳಿಗೆ ಈಗಲೇ ಪರೀಕ್ಷೆ ಮಾಡಿಸಿ ಎಂದಳು. ನೀನು ಹೀಗಿರುವಾಗ ನನ್ನದೇನು ಅವಸರ ಎಂದೆ.

"ನಾನು ಸತ್ತ್‌ಮೇಲೆ ಅಳೋಕೆ ಬರೋದೇನೂ ಬೇಡ. ಈಗ ರಕ್ತ ಕೊಟ್ಬಿಟ್ಟು ಹೋಗು."

ಅದೇ ಅವಳು ನನಗೆ ಹೇಳಿದ ಕೊನೆಯ ಮಾತು. ನಾನು ಕೆಳಗಿಳಿದು ರಕ್ತ ಕೊಟ್ಟು ಬಂದೆ. ಐದನೆಯ ದಿನ ಅಕ್ಕ ಹೋದಳು. ಭಾವನ ಕಿಡ್ನಿ ಕೊನೆಯವರೆಗೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತಂತೆ. ಅವಳ ತಿಥಿ ಮುಗಿದ ವಾರವೇ ನನ್ನ ರಿಪೋರ್ಟ್ ಬಂತು. ನನ್ನೊಳಗೂ ಅದೇ ಹುಳು ಇತ್ತು.

ನಾನು ಮಾತ್ರೆ ನುಂಗಿದೆ. ಮತ್ತೆ ಪರೀಕ್ಷೆ ಮಾಡಿಸಿದೆ. ಆಮೇಲೆಯೇ ಕಸಿ ಮಾಡಿಸಿಕೊಂಡೆ. ಊರಿನಲ್ಲಿ ಕೆಲವರು ಅಕ್ಕನ ಹಣೆಬರಹ ಅಷ್ಟೇ ಎನ್ನುತ್ತಾರೆ. ಹಾಗೆಂದವರ ಮನೆಯಲ್ಲಿ ನಾನು ಕಾಫಿ ಕುಡಿಯುವುದನ್ನೇ ಬಿಟ್ಟಿದ್ದೇನೆ. ಹಣೆಯಲ್ಲಿ ಏನು ಬರೆದಿತ್ತೋ ನಾನು ಕಾಣೆ, ಅವಳ ಸೊಂಟದ ಮೇಲೆ ಬರೆದಿದ್ದು ನೀಲಿ ಶಾಯಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇತ್ತು.

ಆ ಡಾಕ್ಟರಮ್ಮ ಈಗ ಬೇರೆ ಊರಿಗೆ ಹೋಗಿದ್ದಾರೆ. ಹೊಸ ಡಾಕ್ಟರುಗಳಲ್ಲಿ ಕೆಲವರು ಏನು ಕೆಲಸ ಎಂದು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ಆದ್ದರಿಂದ ತಪಾಸಣೆಗೆ ಹೋದಾಗಲೆಲ್ಲ ಸಾಲಿನಲ್ಲಿ ಕೂತವರನ್ನು ನಾನೇ ಕೇಳುತ್ತೇನೆ. ನರ್ಸುಗಳಿಗೆ ಇದು ಕಿರಿಕಿರಿ, ಒಂದೆರಡು ಸಲ ಬೈದಿದ್ದಾರೆ. ಬೈಯಲಿ. ಹೋದ ವಾರ ಸೂಲಿಬೆಲೆ ಕಡೆಯವರೊಬ್ಬರು ಪಕ್ಕದಲ್ಲಿ ಕೂತಿದ್ದರು. ಮುಂದಿನ ತಿಂಗಳು ಅವರಿಗೆ ಕಸಿ, ಮನೆಯಲ್ಲಿ ಐದು ಹಸು. ಕೊಟ್ಟಿಗೆಯಲ್ಲಿ, ಹುಲ್ಲಿನ ಹೊಲದಲ್ಲಿ ಬರಿಗಾಲಿನಲ್ಲೇ ಓಡಾಡುತ್ತೀರಾ ಎಂದು ಕೇಳಿದೆ. ಹೌದು, ಹುಟ್ಟಿದಾಗಿನಿಂದ ಹಾಗೇ, ಅದಕ್ಕೂ ಕಿಡ್ನಿಗೂ ಏನಮ್ಮ ಸಂಬಂಧ ಎಂದರು. ಎಲ್ಲ ಹೇಳಿದೆ. ಅವರು ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು.

"ಇದನ್ನೆಲ್ಲ ನಿಮಗೆ ಯಾರಮ್ಮ ಹೇಳಿಕೊಟ್ಟಿದ್ದು?"

"ನಮ್ಮಕ್ಕ."

"ಅವರಿಗೂ ಕಸಿ ಆಗಿದ್ಯಾ? ಈಗ ಹುಷಾರಾಗಿದ್ದಾರಾ?"

"ತೀರ್ಕೊಂಡ್ರು. ಆಪರೇಶನ್‌ಗೆ ಮುಂಚೆ ಅವರನ್ನ ಯಾರೂ ಕೇಳ್ಲಿಲ್ಲ. ನಿಮ್ಮನ್ನೂ ಕೇಳ್ಲಿ ಅಂತ ಕಾಯ್ಬೇಡಿ, ಒಳಗೆ ಹೋದ ತಕ್ಷಣ ನೀವೇ ಹೇಳಿ."