ಅಡುಗೆಮನೆಗೆ ಯಾವ ಕಲ್ಲು?

"ಈಕಿನ್ನss ಕೇಳೋಣ. ಕಾಲೇಜಿನ್ಯಾಗ ಕಲ್ಲಿನ ಪಾಠಾನss ಹೇಳ್ತಾಳಲ್ಲ?"

ಭಾವ ಹೀಗೆ ಅಂದ ತಕ್ಷಣ ನಾನು ವಾಪಸ್ ರಾಯಚೂರಿನ ಬಸ್ ಹತ್ತಿಬಿಡಬೇಕಿತ್ತು. ಹತ್ತಲಿಲ್ಲ.

ಹೋದ ತಿಂಗಳು ಮಾನ್ವಿಯ ಅಕ್ಕನ ಮನೆಗೆ ಹೋಗಿದ್ದೆ. ಅಡುಗೆಮನೆಯ ನೆಲದ ಹಳೆಯ ಶಾಬಾದಿ ಫರ್ಸಿಕಲ್ಲು ಕಿತ್ತು ಗ್ರಾನೈಟ್ ಹಾಕಿಸಬೇಕು ಅಂತ ಭಾವ. ಬೇಡವೇ ಬೇಡ ಅಂತ ಅವರ ತಾಯಿ ಇಂದಿರಾಬಾಯಿ. ಇಬ್ಬರ ನಡುವೆ ಚಹಾ ಸೋಸುತ್ತಾ ಅಕ್ಕ. (ಮದುವೆಯಾದಾಗಿನಿಂದ ಅವಳ ಜಾಗ ಅದೇ.)

ಇಂದಿರಾಬಾಯಿಯವರದು ಮಡಿ ಅಡುಗೆ. ಬಚ್ಚಲಿನಿಂದ ಒದ್ದೆ ಸೀರೆಯಲ್ಲೇ ನೇರ ಒಲೆಯ ಮುಂದೆ. ಪಡಸಾಲೆಗೆ ಗ್ರಾನೈಟ್ ಬಂದ ವರ್ಷವೇ ಅಲ್ಲಿ ಜಾರಿ ಕೈ ಮುರಿದುಕೊಂಡಿದ್ದರು. "ಇನ್ನೊಂದು ಕೈ ಉಳದದಲ್ಲ, ಅದಕ್ಕ ಅಡಿಗಿಮನಿಗೂ ಹಾಕಸ್ಲಿಕತ್ತಾನ" ಅಂದರು.

ನಾನು ಏನು ಮಾಡಿದೆ? ಪಾಠ ಶುರು ಮಾಡಿದೆ.

ಗ್ರಾನೈಟ್ ಅಗ್ನಿಶಿಲೆ. ನೆಲದಾಳದ ಕಾದ ಶಿಲಾರಸ ನಿಧಾನಕ್ಕೆ, ಬಹಳ ನಿಧಾನಕ್ಕೆ ಆರಿ ಗಟ್ಟಿಯಾದದ್ದು. ಅದಕ್ಕೇ ಅದರಲ್ಲಿ ಕಣ್ಣಿಗೆ ಕಾಣುವ ಹರಳು. ದೇವದುರ್ಗದ ದಾರಿಯ ಗುಡ್ಡಗಳೂ ಇದೇ ಬಳಗ. ಶಾಬಾದಿ ಹಾಗಲ್ಲ. ಅದು ಕಣಶಿಲೆ, ಸುಣ್ಣದ ಕಲ್ಲು. ಹಳೆಯ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾದದ್ದು. ಅದಕ್ಕೇ ಹಾಳೆಯಂತೆ ಸೀಳುತ್ತದೆ.

"ಅಂದ್ರ ಯಾವುದು ಛಲೋ?" ಭಾವ ಕೇಳಿದರು.

ಇದೇ ಪ್ರಶ್ನೆ! ಪ್ರತಿ ವರ್ಷ ಕ್ಲಾಸಿನಲ್ಲೂ ಇದೇ. ವರ್ಗೀಕರಣ ಅಂದರೆ ಹುಟ್ಟಿದ್ದು ಹೇಗೆ ಅಂತ ಕೇಳುವುದು, ಅಷ್ಟೇ. ನಮಗೋ, ಎರಡು ಹೆಸರು ಕೇಳಿದರೆ ಸಾಕು, ಒಂದನ್ನು ಮೇಲೆ ಕೂರಿಸಬೇಕು. ಕಲ್ಲನ್ನೂ ಬಿಡುವುದಿಲ್ಲ. ಹೇಳಿ ಹೇಳಿ ಸಾಕಾಗಿದೆ.

"ಹುಣಸಿಹುಳಿ ಬಿದ್ರ ಶಾಬಾದಿ ಕಲೆ ಆಗ್ತದ, ಗ್ರಾನೈಟ್ ತಡಕೋತದ. ಒಲಿ ಇಡೋ ಕಟ್ಟಿ ಮ್ಯಾಲ ಗ್ರಾನೈಟ್ ಹಾಕ್ರಿ, ನೆಲಕ್ಕ ಫರ್ಸಿನss ಇರ್ಲಿ" ಅಂದೆ.

ಭಾವನಿಗೆ ಕೇಳಿಸಿದ್ದು "ಗ್ರಾನೈಟ್ ತಡಕೋತದ" ಅನ್ನುವಷ್ಟು ಮಾತ್ರ. "ಕೇಳಿದ್ಯೇನವ್ವಾ? ಸೈನ್ಸ್ ಓದಿದಾಕಿನss ಹೇಳಿದ್ಲು!"

ಇಂದಿರಾಬಾಯಿ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ವಾರದೊಳಗೆ ಅಡುಗೆಮನೆಯ ನೆಲವೂ ಗ್ರಾನೈಟಾಗಿ ಕನ್ನಡಿಯಾಯಿತು. ಇಂದಿರಾಬಾಯಿ ಅದರೊಳಗೆ ಕಾಲಿಡಲಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ, ಒರಟು ಬಂಡೆಯ ಮೇಲೆ ಸ್ಟವ್ ಇಟ್ಟುಕೊಂಡು ತಮ್ಮೊಬ್ಬರಿಗೇ ಅನ್ನ ಮಾಡಿಕೊಂಡರು. ಜಗಳವಿಲ್ಲ, ಅಳು ಇಲ್ಲ. ಮಗನ ತಟ್ಟೆಗೆ ಅವರ ಕೈಯ ಸಾರು ಬರುವುದು ನಿಂತಿತು, ಅಷ್ಟೇ. "ನಾ ಮಾಡಿದ್ದು ಅವರಿಗೆ ರುಚಿ ಹತ್ತವಲ್ದು. ಹಿತ್ತಲ ಕಡೆ ನೋಡಕೋತ ಉಣ್ತಾರ" ಅಂದಳು ಅಕ್ಕ ಫೋನಿನಲ್ಲಿ.

ಕೊನೆಗೆ ಭಾವ ಸೋತರು. ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ (ಗಂಡಸು, ಅದೂ ನಮ್ಮ ಭಾವ). ಒಂದು ಬೆಳಿಗ್ಗೆ ನಾರಿನ ಮ್ಯಾಟ್ ತಂದು ಬಚ್ಚಲಿನಿಂದ ಒಲೆಯವರೆಗೆ ಹಾಸಿದರು. ಹಿತ್ತಲಿಗೆ ಹೋಗಿ ಸ್ಟವ್ ತಾವೇ ಎತ್ತಿಕೊಂಡು, "ಒಳಗ ಬಾ ಅವ್ವಾ" ಅಂದರಂತೆ. ಇಂದಿರಾಬಾಯಿ ಎದ್ದು ಬಂದರು.

ಈಗ ಇಂದಿರಾಬಾಯಿ ಓಡಾಡುವ ಕಡೆಯೆಲ್ಲ ಫಳಫಳ ಗ್ರಾನೈಟ್ ಮ್ಯಾಟಿನಡಿ ಇದೆ. ನಿನ್ನೆ ಭಾವನ ಫೋನು: "ಮ್ಯಾಟ್‌ನ್ಯಾಗ ನಾರಿಂದು ಛಲೋನೋ, ರಬ್ಬರಿಂದೋ?"

ಫೋನು ಇಟ್ಟೆ.