ಭುಜದ ಮೇಲೆ ಕುಳಿತ ಹೃದಯ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ರೇಣುಕಾಳ ಹೃದಯ ಭುಜದಲ್ಲಿದೆ!

ನಾನು ಹೇಳಿದ್ದಲ್ಲ. ಅವಳೇ ತೋರಿಸಿದ್ದು. ಅದೂ ಪರೀಕ್ಷಕರ ಮುಂದೆ.

ರೇಣುಕಾ ಔರಾದಿನ ಹುಡುಗಿ. ಇಲ್ಲಿ ಬೀದರಿನಲ್ಲಿ, ಚಿದ್ರಿಯ ನಮ್ಮ ಮನೆಯಲ್ಲಿದ್ದುಕೊಂಡು ಪ್ಯಾರಾಮೆಡಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ. ವೈವಾದಲ್ಲಿ ಪರೀಕ್ಷಕರು, "ಹೃದಯದ ಬಡಿತ ಎಲ್ಲಿ ಚೆನ್ನಾಗಿ ಸಿಗುತ್ತೆ? ನಿನ್ನ ಮೈಮೇಲೇ ತೋರಿಸು" ಎಂದರಂತೆ. ಉತ್ತರ ಬಾಯಿಪಾಠ. ಎಡಗಡೆ, ಐದು ಮತ್ತು ಆರನೇ ಪಕ್ಕೆಲುಬಿನ ನಡುವಿನ ಸಂದು. ಆದರೆ ಎದುರಿಗೆ ಗಂಡಸು. ಹಿಂದೆ ಸಾಲಾಗಿ ನಿಂತ ಹುಡುಗರು. ಅವಳ ಬೆರಳು ದುಪಟ್ಟಾದ ಮೇಲೆ ಏರುತ್ತಾ ಏರುತ್ತಾ ಹೋಗಿ ಭುಜದ ಮೇಲೆ ನಿಂತಿತು.

"ಪೇಶಂಟಿನ ಭುಜಕ್ಕೆ ಸ್ಟೆತಸ್ಕೋಪ್ ಇಡ್ತೀಯೇನಮ್ಮಾ?"

ಹುಡುಗರು ನಕ್ಕರು. ರೇಣುಕಾ ಫೇಲ್.

ಅವತ್ತು ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ದುಪಟ್ಟಾದ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು. "ಇನ್ನೊಮ್ಮಿ ಫೇಲ್ ಆದ್ರ ಅಣ್ಣ ಬಂದು ಕರ್ಕೊಂಡು ಹೋಗ್ತಾನ್ರಿ ಆಂಟಿ. ಓದಿದ್ದು ಸಾಕು, ಮನ್ಯಾಗ ಇರು ಅಂತಾನ."

ನಾನೇ ಕಲಿಸಿಬಿಡುತ್ತೇನೆ ಎಂಬ ಉತ್ಸಾಹ ಬಂತು ನನಗೆ. ಕಾನ್ವೆಂಟಿನಲ್ಲಿ ಕಲಿತವಳಲ್ಲವೇ ನಾನು! ಸ್ಟರ್ನಮ್, ಸ್ಪ್ಲೀನ್, ಪೆರಿಕಾರ್ಡಿಯಮ್ ಎಲ್ಲದರ ಉಚ್ಚಾರ ತಿದ್ದಿದೆ. (ನಮ್ಮ ಸಿಸ್ಟರ್ ಬಯಾಲಜಿಯ ಒಂದು ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ಹಾರಿಸಿದ್ದರು. ಇಡೀ ಕ್ಲಾಸು ಶ್ರದ್ಧೆಯಿಂದ ಓದಿದ ಪಾಠ ಅದೊಂದೇ.)

"ಲಿವರ್ ಎಲ್ಲಿದೆ, ತೋರಿಸು" ಎಂದರೆ ಅವಳ ಬೆರಳು ಗೋಡೆಯ ಚಾರ್ಟಿಗೆ ಹೋಗುತ್ತಿತ್ತು. "ಚಾರ್ಟಿನ ಮೇಲಲ್ಲ, ನಿನ್ನ ಮೇಲೆ" ಎಂದರೆ ದುಪಟ್ಟಾದ ಪಿನ್ನಿಗೆ. "ಹೀಗೆ ನೋಡು" ಎಂದು ನಾನೇ ತೋರಿಸಲು ಹೋದೆ. ನನ್ನ ಕೈ ಸೆರಗು ಸರಿಮಾಡಿಕೊಂಡು ಸುಮ್ಮನಾಯಿತು. ಬೀದಿ ಬಾಗಿಲು ತೆರೆದಿತ್ತು ನೋಡಿ!

ಯೋಚಿಸಿದರೆ ನಗು ಬರುತ್ತದೆ. ನಮ್ಮಲ್ಲಿ ಹೆಂಗಸರ ಮೈಯಲ್ಲಿ ಕೊರಳಿನಿಂದ ಮೊಣಕಾಲಿನವರೆಗೆ ಇರುವುದು ಒಂದೇ ಅಂಗ. ಹೊಟ್ಟೆ! ಎದೆಯಲ್ಲಿ ನೋವಾದರೂ ಹೊಟ್ಟೆನೋವು, ಇನ್ನೆಲ್ಲೋ ಉರಿಯಾದರೂ ಹೊಟ್ಟೆನೋವು. ಡಾಕ್ಟರು ಗ್ಯಾಸಿನ ಗುಳಿಗೆ ಕೊಡುತ್ತಾರೆ. ತಂದು ನುಂಗುತ್ತೇವೆ. ನಮ್ಮ ಅತ್ತೆಯ ಹೊಟ್ಟೆನೋವಿಗೂ ಬಹಳ ದಿನದಿಂದ ಅದೇ ಗುಳಿಗೆ. ತಪ್ಪು ಯಾರದು?

ನಮ್ಮಿಬ್ಬರ ಪಾಡನ್ನು ದೇವರ ಕೋಣೆಯಿಂದ ನಮ್ಮ ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ಭಾಲ್ಕಿ ಕಡೆಯವರು. ರೇಣುಕಾಳಿಗೆ ಅವರು 'ಆಯಿ', ಅಂದರೆ ಅಜ್ಜಿ. ದಿನಾ ಸ್ನಾನವಾದ ಮೇಲೆ ವಿಭೂತಿ ಗಟ್ಟಿಯ ಮುಂದೆ ಕೂರುತ್ತಾರೆ. ಹಣೆ, ಕೊರಳು, ತೋಳು, ಎದೆ, ಹೊಕ್ಕುಳು. ಮೂರು ಬೆರಳು ಒಂದೊಂದೇ ಜಾಗ ಮುಟ್ಟಿ ಬರುತ್ತವೆ. ಕನ್ನಡಿಯೂ ಬೇಡ.

"ಏ ಹುಡುಗಿ, ಬಾ ಇಲ್ಲಿ. ಏನದು ನಿಮ್ಮಿಬ್ಬರ ಗೋಳು?"

"ಎದಿ ಮುಟ್ಟಿ ತೋರಿಸಬೇಕ್ರಿ ಆಯಿ. ನಾಚ್ಕಿ ಬರ್ತದರಿ."

"ಮನಿ ಬಾಡಗಿದು. ಎದಿನೂ ಬಾಡಗಿದೇನ ನಿಂದು?"

ರೇಣುಕಾ ಫಕ್ಕನೆ ನಕ್ಕಳು.

"ಕೂಡು. ನಾ ವಿಭೂತಿ ಹಚ್ಕೋತೀನಿ, ನೀ ಅದರ ಇಂಗ್ಲೀಷ ಹೆಸರು ಹೇಳು."

ಹಣೆಗೆ ಹಚ್ಚಿದರೆ ಫ್ರಾಂಟಲ್ ಬೋನ್. ಕೊರಳಿಗೆ ಟ್ರೇಕಿಯಾ. ಎದೆಯ ನಡುವೆ ಸ್ಟರ್ನಮ್. ಕೆಲವು ದಿನಗಳ ಮೇಲೆ ಪಾಳಿ ಬದಲಾಯಿತು. ಆಯಿ ಜಾಗ ಹೇಳುವುದು, ರೇಣುಕಾ ತನ್ನ ಮೈಮೇಲೆ ಹಚ್ಚಿಕೊಳ್ಳುವುದು. ಒಂದು ಬೆಳಿಗ್ಗೆ ಅವಳ ನೀಲಿ ಕುರ್ತಾದ ಎಡಗಡೆ, ಇರಬೇಕಾದಲ್ಲೇ, ಮೂರು ಬಿಳಿ ಗೆರೆ. "ಇಲ್ಲೇ ಬಡೀಲತದ ನೋಡ್ರಿ ಆಯಿ!" ಹೊಸ ಜಾಗವೊಂದನ್ನು ಕಂಡುಹಿಡಿದವಳ ಮುಖ ಅದು.

ಮೊನ್ನೆ ಮತ್ತೆ ವೈವಾ. ಅದೇ ಪರೀಕ್ಷಕರು, ಅದೇ ಪ್ರಶ್ನೆ. ಮಧ್ಯಾಹ್ನ ಆಟೋ ಇಳಿದು ಓಡಿ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಹೇಳತೊಡಗಿದಳು. "ಕಣ್ಣು ಮುಚ್ಚಿದ್ನಿರಿ ಆಂಟಿ. ಆಯಿ ಜಳಕ ಮಾಡಿ ಕುಂತಂಗ ಕಂಡ್ರು. ಮೂರೂ ಬೆರಳು ಸೀದಾ ಹೋಗಿ ಅಲ್ಲೇ ಕುಂತ್ವು. ಒಂದು ಬೆರಳು ಸಾಕಲ್ಲಮ್ಮಾ, ಮೂರು ಯಾಕೆ ಅಂದ್ರು ಸರ್!"

ಪಾಸ್. ಅಣ್ಣನಿಗೆ ಫೋನೂ ಆಯಿತು. "ಹಂಗಾದ್ರ ಮುಂದ ಓದು" ಎಂದನಂತೆ.

ಸಂಜೆ ಪೇಡೆ ಬಾಯಿಗಿಟ್ಟುಕೊಂಡು ಅತ್ತೆ ಕೆಣಕಿದರು. "ಪಾಸಾದೆಲ್ಲ, ಈಗ ನನ್ನ ಹೊಟ್ಟಿನೋವು ಯಾತರದು ಹೇಳು ನೋಡಮು."

"ಮೊದಲ ನೀವು ಬೆರಳಿಟ್ಟು ತೋರಿಸ್ರಿ, ಎಲ್ಲಿ ನೋಯ್ತದ?"

ಅತ್ತೆಯ ಕೈ ಎದೆಯ ಕಡೆ ಎದ್ದಿತು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಮಗ, ಅಂದರೆ ನನ್ನ ಗಂಡನ ಕಡೆ ಅವರ ಕಣ್ಣು ಹೋಯಿತು. ಕೈ ಸೆರಗು ಎಳೆದುಕೊಂಡು ಮಡಿಲಿಗೆ ಇಳಿಯಿತು.

"ಇಲ್ಲೇ ಬಿಡವ್ವಾ... ಹೊಟ್ಟ್ಯಾಗ."

ರೇಣುಕಾ ನಗಲಿಲ್ಲ. ಎದ್ದು ಹೋಗಿ ಪಡಸಾಲೆಯ ಬಾಗಿಲು ಮುಂದೆ ಮಾಡಿ ಬಂದು, ಅವರ ಪಕ್ಕದಲ್ಲಿ ಕೂತಳು.

ದಿನಾ ವಿಭೂತಿ ಹಚ್ಚುವ ಬೆರಳಿಗೆ, ನೋವಿರುವ ಜಾಗ ತೋರಿಸಲು ಇನ್ನೂ ಯಾರ ಅಪ್ಪಣೆ ಬೇಕು?